ಸ್ಟೇಬ್ಲರ್ ಇಲ್ಲದ ಮೊದಲ ಕಂತು: ‘ಸ್ಕಾರ್ಚ್ಡ್ ಅರ್ತ್’ ವ್ಯಾಖ್ಯಾನ

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1999ರಲ್ಲಿ ಶುರುವಾದ ‘ಲಾ ಅಂಡ್ ಆರ್ಡರ್: ಸ್ಪೆಷಲ್ ವಿಕ್ಟಿಮ್ಸ್ ಯೂನಿಟ್’ 12 ಸೀಸನ್ ಕಾಲ ಒಂದು ಜೋಡಿಯನ್ನು ನೆಚ್ಚಿಕೊಂಡಿತ್ತು: ಮರಿಸ್ಕಾ ಹರ್ಗಿಟೆಯ ಒಲಿವಿಯಾ ಬೆನ್ಸನ್, ಕ್ರಿಸ್ಟೋಫರ್ ಮೆಲೋನಿಯ ಎಲಿಯಟ್ ಸ್ಟೇಬ್ಲರ್. 2011ರಲ್ಲಿ ಒಪ್ಪಂದದ ಮಾತುಕತೆ ಮುರಿದು ಮೆಲೋನಿ ಹೊರನಡೆದರು. ಆ ವರ್ಷ ಸೆಪ್ಟೆಂಬರ್ 21ರಂದು 13ನೇ ಸೀಸನ್ ಈ ಕಂತಿನಿಂದ ತೆರೆದುಕೊಂಡಿತು. ಅದರ ಸಾರವನ್ನು ಐದು ಸಾಲಿಗೆ ಇಳಿಸಿ, ಒಂದೊಂದನ್ನೇ ಬಿಡಿಸೋಣ.

1. ಶೀರ್ಷಿಕೆಯಲ್ಲಿ ಮೊದಲ ಹೆಸರು ಹರ್ಗಿಟೆಯದು.

ಹಿಂದೆ ಆ ಜಾಗದಲ್ಲಿ ಮೆಲೋನಿಯ ಹೆಸರಿತ್ತು. ಹಿನ್ನೆಲೆಯ ನಿರೂಪಣೆಯಲ್ಲಿ ಮಾತ್ರ ಒಂದಕ್ಷರವನ್ನೂ ಬದಲಿಸಬೇಕಾಗಲಿಲ್ಲ. ಅದು ತನಿಖಾ ದಳದ ಬಗ್ಗೆ ಹೇಳುತ್ತದೆಯೇ ಹೊರತು ಯಾವ ಪತ್ತೇದಾರನನ್ನೂ ಹೆಸರಿಸುವುದಿಲ್ಲ. ನಿರ್ಮಾಪಕ ಡಿಕ್ ವುಲ್ಫ್ ಅವರ ಹಳೆಯ ಸೂತ್ರವಿದು: ಮೊಕದ್ದಮೆ ಮುಖ್ಯ, ಮನುಷ್ಯ ಆಮೇಲೆ. 1990ರಿಂದ 2010ರವರೆಗೆ 20 ಸೀಸನ್ ನಡೆದ ಮೂಲ ‘ಲಾ ಅಂಡ್ ಆರ್ಡರ್’ ಹೀಗೇ ತನ್ನ ಮೊದಲ ತಂಡದವರನ್ನೆಲ್ಲ ಕಳೆದುಕೊಂಡೂ ಬದುಕಿತ್ತು. ಆದರೆ ಅಲ್ಲಿ ಬದಲಾವಣೆಯೇ ರೂಢಿ. ಇಲ್ಲಿ ಪ್ರೇಕ್ಷಕರು ಜೋಡಿಗೆ ಒಗ್ಗಿಹೋಗಿದ್ದರು.

2. ಸುಡಾನಿನಿಂದ ಬಂದ ಹೋಟೆಲ್ ಕೆಲಸದಾಕೆ ಇಟಲಿಯ ರಾಜತಾಂತ್ರಿಕನ ಮೇಲೆ ಅತ್ಯಾಚಾರದ ದೂರು ಕೊಡುತ್ತಾಳೆ.

ಕೆಲಸದಾಕೆಯಾಗಿ ಅನಿಕಾ ನೋನಿ ರೋಸ್, ರಾಜತಾಂತ್ರಿಕನಾಗಿ ಫ್ರಾಂಕೋ ನೀರೋ ನಟಿಸಿದ್ದಾರೆ. ಅದೇ ವರ್ಷ ಮೇ 14ರಂದು ನ್ಯೂಯಾರ್ಕಿನಲ್ಲಿ ಆಗಿನ ಐಎಂಎಫ್ ಮುಖ್ಯಸ್ಥ ಡೊಮಿನಿಕ್ ಸ್ಟ್ರಾಸ್-ಕಾನ್ ಇಂಥದೇ ದೂರಿನ ಮೇಲೆ ಬಂಧನಕ್ಕೊಳಗಾಗಿದ್ದರು. ಆರೋಪವನ್ನು ಅವರು ನಿರಾಕರಿಸಿದ್ದರು. ದೂರುದಾರಳ ಮಾತು ನಂಬಲರ್ಹವೇ ಎಂಬ ಅನುಮಾನದಿಂದ ಪ್ರಾಸಿಕ್ಯೂಷನ್ನೇ ಹಿಂದೆ ಸರಿದು, ಆಗಸ್ಟ್ 23ರಂದು ಪ್ರಕರಣ ವಜಾ ಆಯಿತು. ಕಂತು ಬಂದದ್ದು ತಿಂಗಳೊಳಗೆ. ನೋಡುಗರ ನೆನಪಿನಲ್ಲಿ ಸುದ್ದಿ ಇನ್ನೂ ಹಸಿಯಾಗಿದ್ದಾಗ ಇಂಥ ಕಥೆ ಆರಿಸಿಕೊಂಡದ್ದರಲ್ಲಿ ಜಾಣತನವಿದೆ: ಸ್ಟೇಬ್ಲರ್ ಎಲ್ಲಿ ಎಂದು ಕೇಳಲು ಕೂತವರಿಗೆ, ಈ ಹೆಣ್ಣನ್ನು ಯಾರು ನಂಬುತ್ತಾರೆ ಎಂಬ ಪ್ರಶ್ನೆ ಎದುರಾಗುತ್ತದೆ.

3. ನಿಕ್ ಅಮಾರೊ, ಅಮಾಂಡಾ ರೋಲಿನ್ಸ್ ದಳ ಸೇರುತ್ತಾರೆ.

ಒಬ್ಬನ ಜಾಗಕ್ಕೆ ಇಬ್ಬರು ಎಂಬುದನ್ನು ಗಮನಿಸಬೇಕು. ಡ್ಯಾನಿ ಪಿನೋನ ಅಮಾರೊ ಮಾದಕವಸ್ತು ತನಿಖೆಯಲ್ಲಿ ಪಳಗಿದವನು. ಕೆಲ್ಲಿ ಗಿಡಿಶ್‌ಳ ರೋಲಿನ್ಸ್ ಅಟ್ಲಾಂಟಾದಿಂದ ಬಂದವಳು. ಸ್ಟೇಬ್ಲರ್‌ನನ್ನೇ ಹೋಲುವ ಒಬ್ಬನನ್ನು ತಂದಿದ್ದರೆ ಹೋಲಿಕೆಯಲ್ಲೇ ಆತ ಸೋಲುತ್ತಿದ್ದ. ಜಾಗವನ್ನು ಇಬ್ಬರಿಗೆ ಹಂಚಿದ್ದರಿಂದ ಹೋಲಿಕೆಯೇ ಹದ ತಪ್ಪುತ್ತದೆ. ಅದೇ ಸೀಸನ್ನಿಗೆ ಬರಹಗಾರರ ಮುಂದಾಳೂ ಹೊಸಬರು: ನೀಲ್ ಬೇರ್ ಹೋಗಿ ವಾರೆನ್ ಲೈಟ್ ಬಂದಿದ್ದರು. ಜೋಡಿಯ ಕಥೆ ಇಲ್ಲಿಂದ ಒಂದು ತಂಡದ ಕಥೆಯಾಗತೊಡಗುತ್ತದೆ.

4. ಸ್ಟೇಬ್ಲರ್ ನಿವೃತ್ತಿ ತೆಗೆದುಕೊಂಡ ಎಂದು ದಳದ ಕ್ಯಾಪ್ಟನ್ ಕ್ರೇಗನ್ ತಿಳಿಸುತ್ತಾನೆ. ಒಲಿವಿಯಾ ಒಬ್ಬಳೇ ಹೋಗಿ ಅಳುತ್ತಾಳೆ.

ಕಂತಿನ ಹೃದಯ ಇಲ್ಲಿದೆ. ಹಿಂದಿನ ಸೀಸನ್ನಿನ ಕೊನೆಯ ಕಂತಿನಲ್ಲಿ ಠಾಣೆಯೊಳಗೇ ಗುಂಡು ಹಾರಿಸಿದ ಹುಡುಗಿಯನ್ನು ಸ್ಟೇಬ್ಲರ್ ಗುಂಡಿಕ್ಕಿ ಕೊಂದಿದ್ದ. ಆ ಘಟನೆಯೇ ಕಥೆಯೊಳಗೆ ಅವನ ನಿರ್ಗಮನಕ್ಕೆ ಕಾರಣ. ಕ್ರೇಗನ್‌ನದು ಆಫೀಸಿನಲ್ಲಿ ಸುದ್ದಿ ಮುಟ್ಟಿಸುವಷ್ಟೇ ಮಾತು. ಒಲಿವಿಯಾ ಹೋಗುವುದು ವಿಚಾರಣೆಯ ಕೋಣೆಗೆ. ಬೇರೆಯವರ ಕಣ್ಣೀರನ್ನು 12 ಸೀಸನ್ ಕಂಡ ಕೋಣೆಯಲ್ಲಿ ಈಗ ಅಳುವವಳು ಪತ್ತೇದಾರಳೇ. ನಟ ಇಲ್ಲದೆ ಬೀಳ್ಕೊಡುಗೆಯ ದೃಶ್ಯ ತೆಗೆಯಲಾಗದು ಎಂಬ ತಯಾರಿಕೆಯ ತೊಡಕು ಪಾತ್ರದ ನೋವಾಗಿ ಮಾರ್ಪಟ್ಟಿದೆ: ಅವನು ಅವಳಿಗೂ ಹೇಳಿಹೋಗಲಿಲ್ಲ.

5. ತೀರ್ಪು ಅರ್ಧ ಗೆಲುವು.

ಅತ್ಯಾಚಾರದ ಆರೋಪಕ್ಕೆ ಶಿಕ್ಷೆಯಾಗುವುದಿಲ್ಲ. ಅಕ್ರಮವಾಗಿ ತಡೆದಿಟ್ಟ ಆರೋಪ ನಿಲ್ಲುತ್ತದೆ. ನ್ಯಾಯಾಲಯದಲ್ಲೂ ಠಾಣೆಯಲ್ಲೂ ಯಾರಿಗೂ ಪೂರ್ತಿ ಸಮಾಧಾನ ಸಿಗದ ಕಂತಿದು.

ಸ್ಟೇಬ್ಲರ್‌ನ ನಿರ್ಗಮನವನ್ನು ನಾಲ್ಕು ಮಾತಿನಲ್ಲಿ ಮುಗಿಸಿದ್ದು ಅಂದು ಅಭಿಮಾನಿಗಳಿಗೆ ಕೊರತೆಯಾಗಿ ಕಂಡಿದ್ದರೆ ತಪ್ಪಿಲ್ಲ. ಆದರೆ 2021ರ ಏಪ್ರಿಲ್ 1ರಂದು ಮೆಲೋನಿ ಮರಳಿದಾಗ ಒಲಿವಿಯಾಳ ದೂರು ಇದೇ ಆಗಿತ್ತು: ಹೇಳದೆ ಹೋದೆ. ಈ ಕಂತಿನಲ್ಲಿ ಎಲ್ಲವನ್ನೂ ವಿವರಿಸಿ ಕೈತೊಳೆದುಕೊಂಡಿದ್ದರೆ, ಹತ್ತು ವರ್ಷದ ಮೇಲೆ ಅವರಿಬ್ಬರಿಗೆ ಜಗಳವಾಡಲು ಏನೂ ಉಳಿಯುತ್ತಿರಲಿಲ್ಲ.