ತಿಳಿಯದ ಹಾಡಿಗೆ ತಲೆದೂಗುವವರು

'ಸಂಗೀತಕ್ಕೆ ಭಾಷೆಯಿಲ್ಲ' ಎಂಬ ಮಾತು ನಮ್ಮ ರಸಿಕ ಮಹಾಶಯರ ಬಾಯಲ್ಲಿ ಸವೆದು ಸವೆದು ಹಳೇ ಬಿಲ್ಲೆಯಂತಾಗಿದೆ. ಮೈಸೂರು, ಬೆಂಗಳೂರಿನ ಕಚೇರಿಗಳಲ್ಲಿ ತ್ಯಾಗರಾಜರ ತೆಲುಗಿಗೆ ತಲೆದೂಗುವ ಕನ್ನಡಿಗರಲ್ಲಿ ತೆಲುಗು ಬಲ್ಲವರೆಷ್ಟು ಜನ? ಹುಬ್ಬಳ್ಳಿ ಧಾರವಾಡದಲ್ಲಿ ಬ್ರಜ್ ಭಾಷೆಯ ಖಯಾಲಿಗೆ 'ಕ್ಯಾ ಬಾತ್' ಎನ್ನುವವರಲ್ಲಿ ಬ್ರಜ್ ಬಲ್ಲವರೆಷ್ಟು ಜನ? ಅವರನ್ನು ಯಾರೂ ಅರ್ಥ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ, ಬಿಡಿ. ಆದರೆ ಹಿರೇಗುತ್ತಿಯಲ್ಲಿ ನಮ್ಮ ಕೇರಿಯ ಹುಡುಗರು ಮೊಬೈಲಿನಲ್ಲಿ ಇಂಗ್ಲಿಷ್ ಹಾಡು ಹಾಕಿಕೊಂಡು ಹೆದ್ದಾರಿ ಬದಿಗೆ ಬಸ್ಸಿಗೆ ನಿಂತರೆ ಮಾತ್ರ ಪ್ರಶ್ನೆ ಎದ್ದುಬರುತ್ತದೆ: 'ಅರ್ಥ ಆಗ್ತದೇನ್ರಾ ನಿಮ್ಗೆ?'

ಅರ್ಥವಾಗದ್ದನ್ನು ಕೇಳುವುದು ನಮಗೆ ಹೊಸತೇನಲ್ಲ. ನಮ್ಮ ಹಿರಿಯರು ದೇವಸ್ಥಾನದ ಪಾಗಾರದ ಹೊರಗೆ ನಿಂತು ತಲೆಮಾರುಗಟ್ಟಲೆ ಸಂಸ್ಕೃತ ಕೇಳಿದರು. ಅದೂ ಅವರಿಗೆ ಪರದೇಶದ ಭಾಷೆಯೇ. ಆದರೆ ಅದನ್ನು ಅವರು ಆನಂದಿಸಿದರು ಎಂದು ಮಾತ್ರ ಯಾರೂ ಹೇಳಬಾರದು. ಅಲ್ಲಿದ್ದದ್ದು ಕೈಮುಗಿಯುವ ಹುಕುಂ. ಕೇಳಿದ್ದನ್ನು ತಿರುಗಿ ಹೇಳುವ ಹಾಗಿರಲಿಲ್ಲ, ಗುನುಗುವ ಹಾಗಿರಲಿಲ್ಲ. ಕುಣಿಯುವುದಂತೂ ದೂರದ ಮಾತು. ಇಂಗ್ಲಿಷ್ ಹಾಡು ನಮ್ಮ ಜಾತಿ ಕೇಳದೆ ಕಿವಿಯೊಳಗೆ ಬಂತು. ತಪ್ಪು ತಪ್ಪಾಗಿ ಗುನುಗಿದರೂ ಮೈಲಿಗೆ ಆಗಲಿಲ್ಲ. ಈ ಸುಖ ಎಷ್ಟು ದೊಡ್ಡದು ಅನ್ನುವುದು ಹುಟ್ಟಿನಿಂದಲೇ ಒಳಗೆ ಕೂತವರಿಗೆ ತಿಳಿಯುವುದು ಕಷ್ಟ.

ನಮ್ಮಲ್ಲಿಗೆ ಅದು ಬಂದದ್ದು ಗೋಕರ್ಣದಿಂದ. ಮಾದನಗೇರಿ ಕ್ರಾಸಿನಲ್ಲಿ ತಿರುಗಿ ಕುಡ್ಲೆ, ಓಂ ಬೀಚುಗಳ ಹೋಟೆಲಿಗೆ ಪಾತ್ರೆ ತೊಳೆಯಲು ಹೋದ ಹುಡುಗರು ಸಂಬಳದ ಜೊತೆಗೆ ಬಾಬ್ ಮಾರ್ಲಿಯನ್ನೂ ತಂದರು. ಆ ಬೀಟು ನಮ್ಮ ಹೆಜ್ಜೆಗೆ ಎಷ್ಟು ಸಲೀಸಾಗಿ ಕೂತಿತೆಂದರೆ ಅರ್ಥ ಬೇಕು ಅಂತಲೇ ಅನಿಸಲಿಲ್ಲ. ಎರಡು ವರ್ಷ ಹಾಗೇ ಕೇಳಿದೆವು. ಆಮೇಲೆ ಡಿಗ್ರಿಗೆಂದು ಕೊಂಡ ಡಿಕ್ಷನರಿ ಹಿಡಿದು, ಒಂದು ಮಳೆಗಾಲ, 'ರಿಡೆಂಪ್ಶನ್ ಸಾಂಗ್' ಅನ್ನು ಬಿಡಿಸಿ ನೋಡಿದೆವು. 1980ರ ಹಾಡು. ಮರು ವರ್ಷವೇ, 36ನೇ ವಯಸ್ಸಿಗೆ, ಮಾರ್ಲಿ ಸತ್ತ. ಅದರಲ್ಲಿರುವುದು ಮನುಷ್ಯರನ್ನು ಕದ್ದು ಹಡಗಿಗೆ ಮಾರಿದ ಕತೆ. ಮನಸ್ಸಿನ ಗುಲಾಮಗಿರಿ ಬಿಡಿಸಿಕೊಳ್ಳಿ ಎಂಬ ಅದರ ಕರೆ ಮಾರ್ಕಸ್ ಗಾರ್ವೆ 1937ರಲ್ಲಿ ಮಾಡಿದ ಭಾಷಣದಿಂದ ಬಂದದ್ದು. ಮೈ ಜುಮ್ಮೆಂದಿತು. ಇದನ್ನು ನಾವು ಪಾತ್ರೆ ತೊಳೆಯುತ್ತಾ ಕೇಳಿದ್ದೆವು, ಅತ್ತ ಬೀಚಿನ ಮಂದಿ ಬಿಯರ್ ಕುಡಿಯುತ್ತಾ ಕೇಳುತ್ತಿದ್ದರು. ಅವರಲ್ಲಿ ಬಹಳ ಜನರಿಗೆ ಆ ಭಾಷೆ ಚೆನ್ನಾಗಿಯೇ ಬರುತ್ತಿತ್ತು!

ಅಂದರೆ ಭಾಷೆ ಬಂದ ಮಾತ್ರಕ್ಕೆ ಹಾಡು ಅರ್ಥವಾದಂತಲ್ಲ. ಭಾಷೆ ಬಾರದಿದ್ದರೆ ಹಾಡು ಮುಟ್ಟುವುದೇ ಇಲ್ಲ ಅಂತಲೂ ಅಲ್ಲ. ನಮ್ಮ ತಕರಾರು ಇರುವುದು ಮೂರನೆಯವನ ಮೇಲೆ. ಅರ್ಥ ಕೇಳಬಹುದಾಗಿದ್ದೂ ಕೇಳದೆ, 'ಸಂಗೀತಕ್ಕೆ ಭಾಷೆಯಿಲ್ಲ' ಎಂದು ಕಣ್ಣು ಮುಚ್ಚಿಕೊಳ್ಳುವವನ ಮೇಲೆ. ಕೇಳಿದರೆ ಎಲ್ಲಿ ತನ್ನ ಮೇಲೇ ಬರುತ್ತದೋ ಎಂಬ ಭಯ ಅವನಿಗೆ.

ಪಾಲ್ ರಾಬ್ಸನ್ನನ ಉದಾಹರಣೆ ನೋಡಿ. ಅವನ ಅಪ್ಪ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವನು. ಅವನಿಗೆ ಹೆಸರು ತಂದ 'ಓಲ್ ಮ್ಯಾನ್ ರಿವರ್' 1927ರ ಒಂದು ಸಂಗೀತ ನಾಟಕದ ಹಾಡು, ಬರೆದವರು ಬಿಳಿಯರು. ಅದರಲ್ಲಿ ಕರಿಯ ಕೂಲಿಯವನು ಬದುಕಿ ಬೇಸತ್ತವನು, ಸಾಯಲು ಹೆದರುವವನು. ರಾಬ್ಸನ್ ಮುಂದೆ ಕಚೇರಿಗಳಲ್ಲಿ ಹಾಡುವಾಗ ಆ ಮಾತನ್ನೇ ಬದಲಿಸಿದ, ಸಾಯುವ ತನಕ ಹೋರಾಡುವವನನ್ನು ಅಲ್ಲಿ ನಿಲ್ಲಿಸಿದ. ರಾಗ ಅದೇ, ನದಿ ಅದೇ. ಸಂಗೀತಕ್ಕೆ ಭಾಷೆಯಿಲ್ಲ ಎನ್ನುವುದಾದರೆ ಅವನು ಇಷ್ಟು ಕಷ್ಟ ಯಾಕೆ ಪಡಬೇಕಿತ್ತು? 1950ರಲ್ಲಿ ಅಮೆರಿಕದ ಸರಕಾರ ಅವನ ಪಾಸ್‌ಪೋರ್ಟನ್ನು ಯಾಕೆ ಕಸಿದುಕೊಳ್ಳಬೇಕಿತ್ತು? ಅದು ಅವನ ಕೈಗೆ ವಾಪಸು ಬಂದದ್ದು 1958ಕ್ಕೆ. ನಡುವೆ, 1957ರಲ್ಲಿ, ಸಮುದ್ರದಡಿಯ ಟೆಲಿಫೋನ್ ತಂತಿಯ ಮೂಲಕ ವೇಲ್ಸಿನ ಗಣಿ ಕಾರ್ಮಿಕರಿಗೆ ಹಾಡಿದ. ಅದೇ ಮನುಷ್ಯ ರಷ್ಯನ್, ಚೀನೀ, ಯಿಡ್ಡಿಶ್ ಭಾಷೆಗಳಲ್ಲೂ ಹಾಡಿದವನು, ಆ ಭಾಷೆಗಳನ್ನು ಕಷ್ಟಪಟ್ಟು ಕಲಿತವನು. ಪರಭಾಷೆಯ ಹಾಡನ್ನು ಪ್ರೀತಿಸುವುದೆಂದರೆ ನಮಗೆ ಇದೇ ಮಾದರಿ.

ಇಷ್ಟು ಹೇಳಿ ನಮ್ಮ ತಪ್ಪು ಮುಚ್ಚಿಟ್ಟರೆ ಅದು ವಿಮರ್ಶೆಯಾಗುವುದಿಲ್ಲ. ಜಮೈಕಾದವನ ಅರ್ಥಕ್ಕೆ ಡಿಕ್ಷನರಿ ಹಿಡಿದ ನಾವು ನಮ್ಮ ಕಡೆಯ ಗುಮಟೆ ಪಾಂಗಿಗೆ ಏನು ಮಾಡಿದೆವು? ಗಡಿಗೆಯ ಬಾಯಿಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದ ವಾದ್ಯ ಅದು. ಗೋವಾದಲ್ಲಿ ಅದಕ್ಕೇ ಘುಮಟ್ ಅಂತಾರೆ, ಅಲ್ಲಿ ಕೊಂಕಣಿಯಲ್ಲಿ ಹಾಡ್ತಾರೆ, ಇಲ್ಲಿ ಕನ್ನಡದಲ್ಲಿ. ಕೇರಿಯಲ್ಲಿ ಗುಮಟೆ ಬಡಿಯುವಾಗ ನಾವು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತದ್ದು ನಿಜ. ಕಾಲೇಜಿನ ಗೆಳೆಯರ ಎದುರು ಆ ಸದ್ದಿಗೆ ನಾಚಿಕೊಂಡದ್ದೂ ನಿಜ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಫೋಟೋ ಹಂಚಿಕೊಂಡೆವು. ಊರಿನಲ್ಲಿ ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿದ ಆ ತಾಯಿ ಹಾಡುತ್ತಿದ್ದ ಹಾಲಕ್ಕಿ ಕನ್ನಡದ ಎಷ್ಟು ಮಾತು ನಮಗೆ ತಿಳಿದಿತ್ತು? 2025ರಲ್ಲಿ ಅವರು ತೀರಿಕೊಂಡರು. ಬಸ್ಸಿನಲ್ಲಿ ಒಂದು ತಾಸೂ ಬೇಡದ ದಾರಿ. ನಾವು ಒಂದು ದಿನವೂ ಹೋಗಿ ಕೇಳಲಿಲ್ಲ.

ಕೇರಿಯ ಅಜ್ಜಿಯೊಬ್ಬರಿಗೆ ಈಚೆಗೆ ರಾಬ್ಸನ್ನನನ್ನು ಕೇಳಿಸಿದೆವು. ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ಹೊತ್ತು ಹೊತ್ತು ನೆತ್ತಿ ಸವೆದವರು. ಪೂರ್ತಿ ಕೇಳಿ ಅಂದರು: 'ಅಂವ ಅಳ್ತಾನೋ ಬೈತಾನೋ ತಮಾ?' ಮೊದಲು ಅಳ್ತಿದ್ದ, ಆಮೇಲೆ ಬೈಯೂಕೆ ಹಿಡ್ದ ಅಂದೆವು. ಎಲ್ಲಿ ಹಿಡ್ದ, ಆ ಜಾಗ ಇನ್ನೊಮ್ಮೆ ಹಾಕು ಅಂದರು.

ಅಸ್ಸಾಮಿನ ಭೂಪೇನ್ ಹಜಾರಿಕಾ ಅಮೆರಿಕದಲ್ಲಿ ಓದುವಾಗ ರಾಬ್ಸನ್ನನನ್ನು ಕಂಡವರು. ಊರಿಗೆ ಬಂದು ಈ ಹಾಡಿನ ಪ್ರೇರಣೆಯಿಂದಲೇ ಅಸ್ಸಾಮಿಯಲ್ಲಿ ಹಾಡು ಕಟ್ಟಿದರು. ಮುಂದೆ ಅದು ಹಿಂದಿಗೂ ಬಂತು. ದಂಡೆಯ ಜನರ ಪಾಡು ನೋಡಿಯೂ ಸುಮ್ಮನೆ ಯಾಕೆ ಹರಿಯುತ್ತೀ ಎಂದು ನದಿಯನ್ನೇ ತರಾಟೆಗೆ ತೆಗೆದುಕೊಳ್ಳುವ ಹಾಡು. ನಮಗೂ ಹೊಳೆಗಳಿಗೆ ಬರವಿಲ್ಲ. ಬಡಗಿಗೆ ಗಂಗಾವಳಿ, ತೆಂಕಿಗೆ ಅಘನಾಶಿನಿ. ಒಂದು ಸಂಜೆಯಿಂದ ಕೂತು ಕನ್ನಡಕ್ಕೆ ಕಟ್ಟುತ್ತಿದ್ದೇವೆ, ಗುಮಟೆಯ ಬಡಿತಕ್ಕೆ. ಅಲ್ಲಿನ ಹತ್ತಿ ಮೂಟೆ ಇಲ್ಲಿ ಉಪ್ಪಿನ ಮೂಟೆಯಾಗಿ ಸಲೀಸಾಗಿ ಕೂತಿತು. ಬೈಯುವ ಜಾಗದಲ್ಲಿ ನಮ್ಮ ಪುಸ್ತಕದ ಶಬ್ದ ಒಂದೂ ಕೂರುತ್ತಿಲ್ಲ. ನಾಳೆ ಅಜ್ಜಿಯನ್ನೇ ಕೇಳಬೇಕು.