ನೀರು ಹೊತ್ತ ಮರಿಯಂ

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ‘ಸಿಸ್ಟರ್’ ಅಂದ್ರ ಮೊದಲು ನೆನಪಾಗೋದು ದವಾಖಾನಿಯ ನರ್ಸು. ಆಮೇಲೆ ಇಂಗ್ಲಿಷ್ ಶಾಲಿಯ ಶಿಸ್ತಿನ ಅಕ್ಕೋರು. ಮಠ ನಮಗೆ ಗೊತ್ತು, ಸ್ವಾಮಿಗಳು ಗೊತ್ತು. ಬರೀ ಹೆಂಗಸರೇ ಸೇರಿ ನಡೆಸುವ ಮಠದಾಗ ಬೆಳಗಿನಿಂದ ರಾತ್ರಿತನಕ ಏನು ನಡೀತದ ಅನ್ನೋದು ಮಾತ್ರ ಗೊತ್ತಿಲ್ಲ. ಮಂಗಳೂರಿನ ಕಾರ್ಮೆಲ್ ಮಠದಲ್ಲಿ ಎರಡು ವರ್ಷ ಇದ್ದು ಹೋದ ಸಂತ ಮರಿಯಂ ಬವಾರ್ದಿಯ ಜೀವನಚರಿತ್ರೆಗಳನ್ನು ನಾನು ಹಿಡಿದದ್ದು ಆ ಆಸೆಯಿಂದಲೇ. ಓದಿದಷ್ಟೂ ನನ್ನ ತಕರಾರು ಬೆಳೀತಾ ಹೋಯಿತು. ತಕರಾರು ಆಕೆಯ ಮೇಲಲ್ಲ, ಬರೆದವರ ಮೇಲೆ.

ಮರಿಯಂ ಹುಟ್ಟಿದ್ದು 1846ರಲ್ಲಿ, ಗಲಿಲಾಯದ ಇಬಿಲ್ಲೀನ್ ಎಂಬ ಹಳ್ಳಿಯಲ್ಲಿ. ಎಳೆ ವಯಸ್ಸಿನಲ್ಲೇ ತಂದೆತಾಯಿ ಇಲ್ಲವಾದರು. ಅಲೆಕ್ಸಾಂಡ್ರಿಯಾ, ಬೇರೂತ್, ಮಾರ್ಸೇ ಅಂತ ಊರೂರು ತಿರುಗಿ ಮನೆಗೆಲಸ ಮಾಡಿದ ಹುಡುಗಿ. 1867ರಲ್ಲಿ ಫ್ರಾನ್ಸಿನ ಪೋ ಊರಿನ ಕಾರ್ಮೆಲ್ ಸೇರಿದಳು. ಅಲ್ಲಿಗೆ ಕರೆದುಕೊಂಡು ಹೋದವರು ಮದರ್ ವೆರೋನಿಕಾ. ಮಂಗಳೂರಿನ ಸೇಂಟ್ ಆ್ಯಗ್ನೆಸ್ ಕಾಲೇಜನ್ನು 1921ರಲ್ಲಿ ಶುರು ಮಾಡಿದ ಅಪೊಸ್ತೊಲಿಕ್ ಕಾರ್ಮೆಲ್ ಸಭೆಯ ಸ್ಥಾಪಕಿ ಇವರೇ. 1870ರಲ್ಲಿ ಮಂಗಳೂರಿಗೆ ಕಾರ್ಮೆಲ್ ಸಿಸ್ಟರುಗಳ ತಂಡ ಹೊರಟಾಗ ಮರಿಯಂ ಕೂಡ ಹಡಗು ಹತ್ತಿದಳು. ದಾರಿಯಲ್ಲೇ ಕೆಲವರು ತೀರಿಕೊಂಡರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲಿ ಆಕೆಯ ವ್ರತಸ್ವೀಕಾರ ಆಯಿತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಆಕೆಯನ್ನು ಸಂತಪದವಿಗೆ ಏರಿಸಿದರು.

ಈಗ ಪುಸ್ತಕಗಳ ಮಾತು. ಅವು ಏನು ಹೇಳತಾವ? ಕತ್ತು ಕುಯ್ದರೂ ಬದುಕಿದ್ದು, ಕೈಕಾಲಿನಲ್ಲಿ ಯೇಸುವಿನ ಗಾಯದ ಗುರುತು ಮೂಡಿದ್ದು, ಪೋ ಮಠದ ತೋಟದಾಗ ಮರದ ತುದಿಗೆ ಏರಿದ್ದು, ಧ್ಯಾನದಲ್ಲಿ ಮೈಮರೆತದ್ದು. ಪುಟದ ಮೇಲೆ ಪುಟ. ನಡುವೆ ಒಂದು ಸಾಲು: ಅಡಿಗೆಮನೆಯಲ್ಲಿ, ಬಟ್ಟೆ ಒಗೆಯುವಲ್ಲಿ ಕೆಲಸ ಮಾಡುತ್ತಿದ್ದಳು. ಅಷ್ಟೇರಿ. ನಾವು ಸಾಫ್ಟ್‌ವೇರ್‌ನವರು ಸರ್ವರ್ ಬಿದ್ದ ದಿನದ ವರದಿಯನ್ನು ಹತ್ತು ಪುಟ ಬರೀತೀವಿ, ಅದು ಸುಮ್ಮನೆ ನಡೆದ ದಿನಗಳ ಬಗ್ಗೆ ಒಂದು ಅಕ್ಷರ ಬರೆಯೋದಿಲ್ಲ. ಸಂತರ ಚರಿತ್ರೆಕಾರರದೂ ಅದೇ ಚಾಳಿ.

ಆದರೆ ಕಾರ್ಮೆಲ್ ಅನ್ನೋದು ನಿಂತಿರೋದೇ ಆ ಸುಮ್ಮನೆ ನಡೆದ ದಿನಗಳ ಮೇಲೆ. ಸ್ಪೇನಿನ ಆವಿಲಾದ ತೆರೇಸಾ 16ನೇ ಶತಮಾನದಲ್ಲಿ ಕಟ್ಟಿದ ಕ್ರಮ ಅದು. ಊರಿಗೂ ಮಠಕ್ಕೂ ನಡುವೆ ಕಂಬಿ. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಮಾತಿಲ್ಲದ ಪ್ರಾರ್ಥನೆ, ನಡುನಡುವೆ ಗಂಟೆ ಬಾರಿಸಿದಾಗಲೆಲ್ಲ ಕೂಡಿ ಹೇಳುವ ಕೀರ್ತನೆ. ಮಾಂಸ ಇಲ್ಲ. ಉಳಿದ ಹೊತ್ತು ಮೌನದಲ್ಲೇ ಕೈಗೆಲಸ, ದಿನಕ್ಕೆರಡು ಸಲ ಮಾತ್ರ ಕೂತು ಹರಟೋದಕ್ಕೆ ಅಪ್ಪಣೆ. ಕಾಯಕ, ದಾಸೋಹ ಅನ್ನೋ ಮಾತು ಕೇಳಿ ಬೆಳೆದವರಿಗೆ ಇದು ಪರದೇಶದ್ದು ಅಂತ ಅನಿಸೋದಿಲ್ಲ. ಆಯ್ದಕ್ಕಿ ಲಕ್ಕಮ್ಮನ ಹೆಸರಿನಲ್ಲೇ ಆಕೆಯ ಕೆಲಸ ಇದೆಯಲ್ಲ.

ಇನ್ನೊಂದನ್ನು ಈ ಪುಸ್ತಕಗಳು ಭಾರೀ ಮೆತ್ತಗೆ ದಾಟಿಸತಾವ. ಆ ಕಾಲದ ಮಠದಾಗ ಎರಡು ದರ್ಜೆಯ ಸಿಸ್ಟರುಗಳಿದ್ದರು. ಲ್ಯಾಟಿನ್ ಓದಬಲ್ಲವರು ಕರಿ ಮುಸುಕು ಹಾಕಿ ಕೀರ್ತನೆ ಹೇಳುವವರು. ಓದು ಬರದವರು ಬಿಳಿ ಮುಸುಕು ಹಾಕಿ ಅಡಿಗೆ, ಒಗೆತ, ಕಸ ನೋಡಿಕೊಳ್ಳುವವರು. ಮರಿಯಂ ಬಿಳಿ ಮುಸುಕಿನವಳು. ಚರಿತ್ರೆಕಾರರು ಇದನ್ನು ‘ವಿನಯ’ ಅಂತ ಕರೆದು ಮುಂದೆ ಹೋಗತಾರ. ಆಕೆಯಲ್ಲಿ ವಿನಯ ಇದ್ದಿರಬಹುದು, ಇತ್ತು ಅಂತಲೇ ನಾನೂ ನಂಬತೀನಿ. ಆದರೆ ವ್ಯವಸ್ಥೆಯ ಹೆಸರು ವಿನಯ ಅಲ್ಲ. ಆ ಭೇದ ತೆಗೆಯಲು ಚರ್ಚು 1960ರ ದಶಕದ ಎರಡನೇ ವ್ಯಾಟಿಕನ್ ಮಹಾಸಭೆಯ ತನಕ ಕಾಯಬೇಕಾಯಿತು. ನಮ್ಮಲ್ಲೂ ಶ್ರಾವಣದ ಪುರಾಣ ನಡೆದಾಗ ವೇದಿಕೆಯ ಮೇಲಿನವರ ಹೆಸರನ್ನೆಲ್ಲ ಮೈಕಿನಾಗ ಕೂಗತಾರ, ಹಿಂದೆ ರೊಟ್ಟಿ ಬಡಿಯೋ ಹೆಂಗಸರಿಗೆ ಒಟ್ಟಾಗಿ ‘ತಾಯಂದಿರು’ ಅಂದುಬಿಡತಾರ. ಮಂಗಳೂರಿನ ಕಾರ್ಮೆಲ್ ಬಗ್ಗೆ ಓದುವಾಗ ಈ ಮಾತು ತಲೆಯಿಂದ ಹೋಗಲಿಲ್ಲ.

ಮಂಗಳೂರಿನ ಅಧ್ಯಾಯವಂತೂ ಎಲ್ಲಕ್ಕಿಂತ ಅವಸರದ್ದು. ಅಲ್ಲಿನ ಬಿಷಪ್ ಮರಿ ಎಫ್ರೆಮ್ ಗರೆಲೋನ್ ಸ್ವತಃ ಕಾರ್ಮೆಲೈಟ್. ಅವರಿಗೂ ಮಠದ ಮುಖ್ಯಸ್ಥೆಗೂ ಮರಿಯಂಳ ಅನುಭವಗಳ ಮೇಲೆ ಸಂಶಯ ಬಂತು. ಇದು ದೇವರದೋ, ಸೈತಾನನದೋ, ಹುಡುಗಿಯ ಕಲ್ಪನೆಯೋ? 1872ರಲ್ಲಿ ಆಕೆಯನ್ನು ಪೋ ಮಠಕ್ಕೆ ವಾಪಸು ಕಳಿಸಿದರು. ಪುಸ್ತಕಗಳಿಗೆ ಇದೊಂದು ‘ಪರೀಕ್ಷೆಯ ಕಾಲ’. ಕಡೆಗೆ ಬಿಷಪ್ ಮನಸ್ಸು ಬದಲಿಸಿದರು ಅಂತ ಹೇಳಿ ಸಮಾಧಾನ ಪಡತಾವ. ಕೇಳಬೇಕಾದ ಪ್ರಶ್ನೆ ಬೇರೆ ಇತ್ತು. ಒಬ್ಬಾಕೆಯ ಒಳಗೆ ನಡೆದದ್ದು ನಿಜವೋ ಸುಳ್ಳೋ ಅಂತ ತೀರ್ಮಾನಿಸುವ ಅಧಿಕಾರ ಯಾರದು? ವಿಧೇಯತೆಯ ವ್ರತ ತೊಟ್ಟವಳು ‘ಇಲ್ಲ, ನನಗೆ ಆದದ್ದು ಹೀಗೆ’ ಅಂತ ಯಾವ ಬಾಯಿಂದ ಹೇಳಬೇಕು? ಅಕ್ಕಮಹಾದೇವಿಗೆ ಅಲ್ಲಮ ಪ್ರಶ್ನೆ ಹಾಕಿದ ಕಥೆ ನಮ್ಮಲ್ಲಿದೆ. ಅಲ್ಲಿ ಅಕ್ಕನಿಗೆ ತಿರುಗಿ ಮಾತಾಡುವ ಅವಕಾಶ ಇತ್ತು. ಮರಿಯಂಗೆ ಅಂಥ ಅನುಭವಮಂಟಪ ಇರಲಿಲ್ಲ.

ಊರಾದರೂ ಪುಸ್ತಕದಾಗ ಬಂದಿದೆಯೋ ಅಂದ್ರ, ಅದೂ ಇಲ್ಲ. ಮಂಗಳೂರು ಬರೀ ಸೆಕೆ ಮತ್ತು ಕಷ್ಟ. ತುಳು, ಕೊಂಕಣಿ, ಕನ್ನಡ ಮಾತಾಡುವ ಜನ ಆ ಗೋಡೆಯ ಹೊರಗೆ ಇದ್ದರು ಅನ್ನೋ ಸುಳಿವೂ ಸಿಗೋದಿಲ್ಲ.

ಇಷ್ಟೆಲ್ಲ ಹೇಳಿದರೂ ಕಡೆಯ ಅಧ್ಯಾಯಕ್ಕಾಗಿ ಈ ಪುಸ್ತಕಗಳನ್ನು ಓದಿರಿ ಅಂತಲೇ ಹೇಳತೀನಿ. 1875ರಲ್ಲಿ ಮರಿಯಂ ಬೆತ್ಲೆಹೇಮಿಗೆ ಹೋದಳು, ಅಲ್ಲಿ ಹೊಸ ಕಾರ್ಮೆಲ್ ಕಟ್ಟುವುದಿತ್ತು. ಫ್ರಾನ್ಸಿನಿಂದ ಬಂದ ಸಿಸ್ಟರುಗಳ ನಡುವೆ ಅರಬಿ ಬರುತ್ತಿದ್ದದ್ದು ಈಕೆಗೆ. ಹೀಗಾಗಿ ಲ್ಯಾಟಿನ್ ಬಾರದ ಬಿಳಿ ಮುಸುಕಿನಾಕೆ ಕೂಲಿಯವರ ಜೊತೆ ನಿಂತು ಕಟ್ಟಡದ ಕೆಲಸ ನೋಡಿಕೊಂಡಳು. 1878ರ ಆಗಸ್ಟ್ ಬಿಸಿಲಿನಲ್ಲಿ ಆ ಕೂಲಿಗಳಿಗೆ ಕುಡಿಯುವ ನೀರು ಹೊತ್ತು ತರುವಾಗ ಬಿದ್ದು ಕೈ ಮುರಿದುಕೊಂಡಳು. ಗಾಯ ಕೊಳೆತು, 26ರಂದು ತೀರಿಕೊಂಡಳು. ವಯಸ್ಸು 32.

ಚರಿತ್ರೆಕಾರರು ಅಲ್ಲಿಂದ ತಕ್ಷಣ ಆಕೆಯ ಹೃದಯ ತೆಗೆದು ನೋಡಿದಾಗ ಕಂಡ ಗಾಯದ ಗುರುತಿಗೆ ಹಾರತಾರ. ನಾನು ಮಾತ್ರ ಪುಟ ಹಿಂದೆ ತಿರುವಿ, ಆ ನೀರಿನ ಸಾಲನ್ನು ಇನ್ನೊಮ್ಮೆ ಓದಿದೆ.