ಯಾರಿಗೆ ಬರೆದ ಚೀಟಿ?

ವಿಮರ್ಶೆ ಎಂದರೆ ಕತೆ, ಕವಿತೆ, ಕಾದಂಬರಿಗಳಿಗೆ ಮಾತ್ರ ಎಂದು ನಾವು ತಿಳಿದಿದ್ದೇವೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮನೆಗಳಲ್ಲಿ ಹೆಣ್ಣುಮಕ್ಕಳು ವಾರವಾರವೂ ಓದಲೇಬೇಕಾದ ಬರಹ ಬೇರೊಂದಿದೆ. ಅದು ಮಗುವಿನ ಸಾಲಿಯಿಂದ ಬರುವ ಚೀಟಿ. ಮೊದಲು ಡೈರಿಯಲ್ಲಿ ಬರುತ್ತಿತ್ತು, ಈಗ ಎಷ್ಟೋ ಮನೆಗಳಿಗೆ ವಾಟ್ಸಾಪಿನಲ್ಲಿ ಬರುತ್ತದೆ. ಇಷ್ಟು ಮಂದಿ ಓದುವ ಬರಹವನ್ನು ಯಾರೂ ವಿಮರ್ಶಿಸುವುದಿಲ್ಲವಲ್ಲ ಎಂದು ಈ ನಾಲ್ಕು ಮಾತು.

ಅದರ ಭಾಷೆಯನ್ನೇ ನೋಡಿ. ‘ಪುಟ 14 ಬರೆಸಿರಿ. 7ರ ಮಗ್ಗಿ ಬಾಯಿಪಾಠ ಮಾಡಿಸಿರಿ. ಸಹಿ ಮಾಡಿ ಕಳಿಸಿರಿ.’ ಎಲ್ಲವೂ ಅಪ್ಪಣೆ. ಬರೆಯುವುದು ಮಗುವಾದರೂ ಅಪ್ಪಣೆ ಮಗುವಿಗಲ್ಲ, ಬರೆಸುವವರಿಗೆ. ‘ಮಾನ್ಯ ಪಾಲಕರೇ’ ಎಂಬ ಸಂಬೋಧನೆಯಲ್ಲಿ ಅಪ್ಪನೂ ಸೇರಿದ್ದಾನೆ, ನಿಜ. ಆದರೆ ಸಂಜೆ ರೊಟ್ಟಿ ಬಡಿಯುತ್ತ ಮಗ್ಗಿ ಒಪ್ಪಿಸಿಕೊಳ್ಳುವವರು ಯಾರೆಂದು ನಿಮಗೆ ನಾನು ಹೇಳಬೇಕೆ? ಕನ್ನಡದಲ್ಲಿ ಕಸ ಮುಸುರೆಯೂ ಮನೆಗೆಲಸ, ಮಗುವಿನ ಬರಹವೂ ಮನೆಗೆಲಸ. ಹೆಸರು ಒಂದೇ ಆದದ್ದಕ್ಕೋ ಏನೋ, ಎರಡೂ ಒಬ್ಬಳ ಹೆಗಲಿಗೇ ಬಿದ್ದಿವೆ.

ಇನ್ನು ಓದುಗಳ ಮಾತು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ನೂರಕ್ಕೆ 57ರ ಆಸುಪಾಸು. ಉಳಿದ ತಾಯಂದಿರು ಏನು ಮಾಡಬೇಕು? ‘ಅಕ್ಕೋರು ಏನ್ ಬರದಾರ, ಓದಿ ಹೇಳ್ ಮಗಾ’ ಎಂದು ಮಗುವನ್ನೇ ಕೇಳಬೇಕು. ‘ಏನೂ ಇಲ್ಲ ಬೇ’ ಎಂದು ಮಗು ಆಡಲು ಓಡುತ್ತದೆ. ಮರುದಿನ ಬೈಸಿಕೊಳ್ಳುವುದು ಮಗು, ತಲೆ ತಗ್ಗಿಸುವುದು ತಾಯಿ. ತಾಂಡಾದ ತಾಯಿಗೆ ಮನೆಮಾತು ಲಂಬಾಣಿ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋದವಳ ಮಗು ಅಜ್ಜಿಯ ಹತ್ತಿರ ಇರುತ್ತದೆ. ಆ ಅಜ್ಜಿಗೆ ಈ ಚೀಟಿ ಏನು ಹೇಳೀತು? ಓದು ಬಲ್ಲ ನಮ್ಮಂಥವರು ಟ್ಯೂಷನ್ನಿಗೆ ದುಡ್ಡು ಕೊಟ್ಟು ಪಾರಾಗುತ್ತೇವೆ, ಅಷ್ಟೇ.

ಸರಕಾರಕ್ಕೂ ಇದು ತಿಳಿಯದ್ದಲ್ಲ. 1 ಮತ್ತು 2ನೇ ತರಗತಿಗೆ ಮನೆಗೆಲಸ ಬೇಡವೆಂದು ಕೇಂದ್ರ 2018ರ ನವೆಂಬರಿನಲ್ಲೇ ಸೂಚಿಸಿತು. 2020ರ ಶಾಲಾಚೀಲದ ನೀತಿ 3ರಿಂದ 5ನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ತಾಸು ಎಂದಿತು. ಹೀಗಿದ್ದೂ ಎಷ್ಟೋ ಕಡೆ ಹೆಚ್ಚು ಬರೆಸುವ ಸಾಲಿಯೇ ಒಳ್ಳೆಯ ಸಾಲಿ ಎಂಬ ನಂಬಿಕೆ ಅಳಿದಿಲ್ಲ. ಈ ನಂಬಿಕೆಯಲ್ಲಿ ನಮ್ಮ ಪಾಲೂ ಇದೆ ಅನ್ನಿ.

ಚೀಟಿ ಬೇರೆ ರೀತಿ ಇರಲು ಸಾಧ್ಯವೆ? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009ರಿಂದ ರಾಜ್ಯದ ಸರಕಾರಿ ಸಾಲಿಗಳಿಗೆಲ್ಲ ಹಬ್ಬಿದ ನಲಿ-ಕಲಿಯನ್ನು ನೆನೆಯಿರಿ. ಅಲ್ಲಿ ಕಲಿಕೆಯ ಏಣಿ ಇದೆ. ಮೆಟ್ಟಿಲುಗಳಿಗೆ ಚಿತ್ರದ ಗುರುತುಗಳಿವೆ. ಅಕ್ಷರ ಬಾರದ ಮಗುವೂ ತಾನು ಎಲ್ಲಿದ್ದೇನೆ ಎಂದು ಅದರಲ್ಲಿ ನೋಡಿಕೊಳ್ಳುತ್ತದೆ. ಮಗುವಿಗೆ ತಿಳಿಯುವ ಆ ಏಣಿ ಓದು ಬಾರದ ತಾಯಿಗೂ ತಿಳಿದೀತು. ಆದರೆ ಏಣಿ ಸಾಲಿಯಲ್ಲೇ ಉಳಿಯಿತು, ಮನೆಗೆ ಬಂದದ್ದು ಅಪ್ಪಣೆ ಮಾತ್ರ.

ಅಕ್ಕೋರ ಮೇಲೆ ಹೊರೆ ಕಡಿಮೆಯೇನಿಲ್ಲ. ಎರಡು ಮೂರು ತರಗತಿ ಒಟ್ಟಿಗೆ ಕೂಡಿಸಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಗಣತಿಗೂ ಹೋಗಿ, ಮನೆಗೆ ಬಂದು ಅವರೂ ರೊಟ್ಟಿ ಬಡಿಯುವವರೇ. ಹೆಚ್ಚು ಬರೆಯಿರೆಂದು ನಾನು ಕೇಳುತ್ತಿಲ್ಲ, ಬೇರೆಯದನ್ನು ಬರೆಯಿರಿ ಎನ್ನುತ್ತಿದ್ದೇನೆ. ವಾರದ ಸುದ್ದಿ ಎಂದ ಮೇಲೆ ಅದರಲ್ಲಿ ಸುದ್ದಿ ಇರಲಿ: ಮಗು ಈ ವಾರ ಏನು ಕೇಳಿತು, ಎಲ್ಲಿ ಎಡವಿತು, ಯಾರಿಗೆ ಸಹಾಯ ಮಾಡಿತು. ಮೊಬೈಲ್ ಇದ್ದ ಮನೆಗೆ ಅದನ್ನೇ ಬಾಯಿಂದ ಹೇಳಿ ಕಳಿಸಿದರೂ ಆದೀತು. ಜತೆಗೆ ತಾಯಿ ಮಗುವಿಗೆ ಕೇಳಬಹುದಾದ ಒಂದು ಪ್ರಶ್ನೆ ಇರಲಿ. ಇಂಡಿಯ ತೋಟದಲ್ಲಿ ಲಿಂಬೆ ಎಣಿಸುವವಳಿಗೆ, ಸಂತೆಯಲ್ಲಿ ಕಾಯಿಪಲ್ಲೆ ಮಾರಿ ಚಿಲ್ಲರೆ ಕೊಡುವವಳಿಗೆ ಅಕ್ಷರ ಬಾರದಿರಬಹುದು, ಲೆಕ್ಕ ಬರುತ್ತದೆ. ಅವಳ ಲೆಕ್ಕ ಸಾಲಿಗೆ ಹೋಗಲಿ, ಸಾಲಿಯ ಸುದ್ದಿ ಅವಳಿಗೆ ಬರಲಿ.

ಹಾಗಾದ ದಿನ ಆ ಚೀಟಿಗೆ ಸಹಿಯೇ ಬೇಕಾಗುವುದಿಲ್ಲ.